ನನ್ನ ಕಂಪ್ಯೂಟರಿನ ಡಿಸ್ಕಿನ ಎಡತುದಿಯಲ್ಲಿ ಕೂತಿದ್ದ ನೂರು ಎಂಬಿಯವರಿಗೆ

ಮಾನ್ಯರೇ,

ಮಂಕೆಸಿಮ್ ಲಾರಿ ನಿಲ್ದಾಣದ ಹಿಂಬದಿಯಲ್ಲಿರುವ ‘ದೇವರ ಸಮಯವೇ ಸರಿಯಾದ ಸಮಯ’ ಬೆರಳಚ್ಚು ಹಾಗೂ ಮುದ್ರಣದಂಗಡಿಯ ಮಾಲೀಕಳಾದ ಅರಬಾ ಕ್ವಾನ್ಸಾ ಎಂಬ ನಾನು, ತಲೆವಸ್ತ್ರ ಸರಿಪಡಿಸಿಕೊಂಡು, ಬಲಗೈ ಮುಂದೆ ಮಾಡಿ, ತಾವು ಈಗ ಎಲ್ಲಿದ್ದೀರೋ ಅಲ್ಲಿಗೆ, ಅಂದರೆ ಎಲ್ಲಿಯೂ ಇಲ್ಲದ ಆ ಜಾಗಕ್ಕೆ, ನನ್ನ ಗೌರವಪೂರ್ವಕ ವಂದನೆಗಳನ್ನು ಕಳಿಸುತ್ತಿದ್ದೇನೆ. ತಾವು ಕ್ಷೇಮವೆಂದು ನಂಬಲು ನನಗೆ ಆಧಾರವಿಲ್ಲ, ಏಕೆಂದರೆ ತಮ್ಮನ್ನು ಅಳಿಸಿದವಳು ನಾನೇ.

ಮೊದಲು ಖರ್ಚಿನ ಬಾಬತ್ತು ಹೇಳಿಬಿಡುತ್ತೇನೆ. ತಮ್ಮನ್ನು ತೆಗೆದುಹಾಕಲು ಹಿಡಿದದ್ದು ಹನ್ನೊಂದು ಸೆಕೆಂಡು. ಆ ಹನ್ನೊಂದು ಸೆಕೆಂಡಿಗೆ ನಾನು ತೆತ್ತದ್ದು ಒಂದು ದಿನ ಮುಚ್ಚಿದ ಅಂಗಡಿ, ಜನರೇಟರಿಗೆ ಒಂದು ಗ್ಯಾಲನ್ ಪೆಟ್ರೋಲು, ಮೆಕ್ಕೆಜೋಳದ ಹಿಟ್ಟಿನ ಆರು ಕೆಂಕಿ ಉಂಡೆ, ಅವುಗಳ ಜೊತೆಗೆ ನಾಲ್ಕು ಹುರಿದ ಮೀನು, ಒಂದು ರಾತ್ರಿಯ ನಿದ್ದೆ, ಮತ್ತು ಈ ಪೇಟೆಯಲ್ಲಿ ನಾನು ಇಷ್ಟು ವರ್ಷ ಕೂಡಿಟ್ಟ ಮರ್ಯಾದೆಯಲ್ಲಿ ಸುಮಾರು ಕಾಲುಭಾಗ. ತಾವು ಇಡೀ ಡಿಸ್ಕಿನಲ್ಲಿ ಆಕ್ರಮಿಸಿದ್ದು ಸಾವಿರದಲ್ಲಿ ಒಂದು ಪಾಲಿನಷ್ಟು ಜಾಗ. ಇಷ್ಟು ಚಿಕ್ಕ ಮೈಯಲ್ಲಿ ಇಷ್ಟು ದೊಡ್ಡ ನಷ್ಟ ಮಾಡುವ ಸಾಮರ್ಥ್ಯವನ್ನು ನಾನು ಈ ಹಿಂದೆ ಸೊಳ್ಳೆಯಲ್ಲಿ ಮಾತ್ರ ಕಂಡಿದ್ದೆ. ಹೊಗಳಿಕೆಯೆಂದೇ ಭಾವಿಸಬೇಕು.

ನನ್ನ ತಪ್ಪು ಎಲ್ಲಿಂದ ಹುಟ್ಟಿತು ಎಂಬುದನ್ನೂ ವಿನಯದಿಂದ ನಿವೇದಿಸಿಕೊಳ್ಳಬೇಕು. ಹದಿನೆಂಟು ವರ್ಷ ನಾನು ಇದೇ ಪೇಟೆಯಲ್ಲಿ ಹಡಗಿನಿಂದಿಳಿದ ಹಳೆಬಟ್ಟೆಯ ಮೂಟೆಗಳನ್ನು ಬಿಚ್ಚಿ ಮಾರಿದವಳು. ಸತ್ತ ಬಿಳಿಯರ ಬಟ್ಟೆ ಎಂದೇ ನಮ್ಮಲ್ಲಿ ಅವಕ್ಕೆ ಹೆಸರು. ಆ ವ್ಯಾಪಾರದಲ್ಲಿ ಮೂಟೆ ಬಿಚ್ಚಿದ ತಕ್ಷಣದ ಕೆಲಸ ಒಂದೇ: ಪ್ರತಿಯೊಂದು ಜೇಬನ್ನೂ ಹೊರಗೆಳೆದು ಝಾಡಿಸುವುದು. ಬಸ್ಸಿನ ಚೀಟಿ, ಮೂಗೊರೆಸಿದ ಕಾಗದ, ಒಂದು ಸಲ ಕಟ್ಟಿಸಿದ ಹಲ್ಲಿನ ಅರ್ಧ ಸೆಟ್ಟು, ಏನೇ ಸಿಕ್ಕರೂ ನೋಡದೆ ಎಸೆಯಬೇಕು. ಹಿಂದಿನವರ ವಸ್ತು ಉಳಿಸಿಕೊಂಡರೆ ಹಿಂದಿನವರೂ ಅದರ ಬೆನ್ನಿಗೇ ಬರುತ್ತಾರೆ ಎಂದು ನಮ್ಮ ಸಾಲಿನ ಹೆಂಗಸರೆಲ್ಲ ನಂಬಿದ್ದೆವು, ಮತ್ತು ಯಾರೂ ಬಾರದೇ ಇದ್ದುದರಿಂದ ನಂಬಿಕೆ ಸರಿ ಎಂದೇ ತಿಳಿದಿದ್ದೆವು.

ಆಮೇಲೆ ನಾನು ಬಟ್ಟೆ ಬಿಟ್ಟು ಅಕ್ಷರಕ್ಕೆ ಬಂದೆ. ತಾವು ವಾಸವಾಗಿದ್ದ ಕಂಪ್ಯೂಟರನ್ನೂ ಆರು ವರ್ಷದ ಹಿಂದೆ ಹಡಗಿನಿಂದಿಳಿದ ಹಳೆಸಾಮಾನಿನ ರಾಶಿಯಿಂದಲೇ ಕೊಂಡೆ; ಇಂಗ್ಲೆಂಡಿನ ಯಾವುದೋ ಹಲ್ಲಿನ ವೈದ್ಯರ ಚೀಟಿ ಅದರ ಪಕ್ಕೆಗೆ ಇನ್ನೂ ಅಂಟಿಕೊಂಡಿದೆ. ಇಲ್ಲಿ ಶನಿವಾರವೆಂದರೆ ಶವಸಂಸ್ಕಾರ, ಶವಸಂಸ್ಕಾರವೆಂದರೆ ಬಣ್ಣದ ಪುಸ್ತಿಕೆ, ಪುಸ್ತಿಕೆಯೆಂದರೆ ನನ್ನ ಅಂಗಡಿ. ಸತ್ತವರ ಜೀವನಚರಿತ್ರೆ, ಮಕ್ಕಳ ನುಡಿನಮನ, ಹಾಡುಗಳು, ಪಟಗಳು, ಎಲ್ಲವೂ ಆ ಒಂದು ಯಂತ್ರದಲ್ಲೇ ತಯಾರಾಗುತ್ತವೆ.

ಆ ವಾರ ತಯಾರಾಗುತ್ತಿದ್ದುದು ಎಗ್ಯಾ ಬಾಯ್ಡೂ ಅವರ ಪುಸ್ತಿಕೆ. ನಲವತ್ತೊಂದು ವರ್ಷ ಉತ್ತರದ ದಾರಿಯಲ್ಲಿ ಗೆಣಸಿನ ಲಾರಿ ಓಡಿಸಿದ ಹಿರಿಯರು. ಮೂವತ್ತಾರು ಪುಟ, ಮುನ್ನೂರು ಪ್ರತಿ. ಮಕ್ಕಳ ಮಾತು, ಕುಲದ ಹಿರಿಯರ ಮಾತು, ಚಾಲಕರ ಸಂಘದ ಮಾತು, ಎಲ್ಲ ಅವರವರ ಪೆನ್‌ಡ್ರೈವಿನಲ್ಲಿ ಬಂದವು. ಪೆನ್‌ಡ್ರೈವನ್ನು ಗಿರಾಕಿಯೇ ತರತಕ್ಕದ್ದು ಎಂದು ನಾನೇ ಗೋಡೆಗೆ ಬರೆದು ಹಾಕಿದ್ದೇನೆ. ಹೆಂಡತಿ ಮಾಮೆ ಎಕುವಾ ಮಾತ್ರ ಬರಿಗೈಲಿ ಬಂದರು. ಅವರಿಗೆ ಓದುಬರಹವಿಲ್ಲ. ಸೋಮವಾರ ಮತ್ತು ಮಂಗಳವಾರದ ಮಧ್ಯಾಹ್ನ ನನ್ನ ಬೆಂಚಿನ ಮೇಲೆ ಕೂತು, ಗೋಡೆ ನೋಡುತ್ತ, ಗಂಡನ ಬಗ್ಗೆ ಹೇಳಬೇಕಾದದ್ದನ್ನೆಲ್ಲ ಹೇಳಿದರು. ನಾನು ಕಾಗದ ಮುಟ್ಟದೆ ನೇರವಾಗಿ ಯಂತ್ರಕ್ಕೆ ಒತ್ತಿದೆ. ನಾಲ್ಕು ಪುಟವಾಯಿತು. ಪೂರ್ತಿ ಓದಿ ಹೇಳಿದ ಮೇಲೆ ಅವರು ಎದ್ದು ಸೀರೆಯಂತೆ ಸುತ್ತಿದ್ದ ಕಪ್ಪು ಬಟ್ಟೆಯನ್ನು ಬಿಗಿ ಮಾಡಿಕೊಂಡರು.

“ನನ್ ಹೊಟ್ಟೇಲಿದ್ದಿದ್ದು ಈಗ ನಿನ್ ಪೆಟ್ಟಿಗೇಲಿದೆ. ಇನ್ನೊಂದ್ಸಲ ಕೇಳ್ಬೇಡ ಮಗಳೇ. ಎರಡನೇ ಸಲ ಹೇಳಿದ್ರೆ ಅದು ಬರೀ ಕಥೆ ಆಗ್ಬಿಡುತ್ತೆ” ಎಂದರು.

ಬುಧವಾರ ಸಂಜೆ ಕೊನೆಯ ಪಟ ಕೂರಿಸುವಾಗ ಡಿಸ್ಕಿನಲ್ಲಿ ಜಾಗವಿಲ್ಲವೆಂದು ಯಂತ್ರ ತಿಳಿಸಿತು. ಯಾರು ಎಷ್ಟು ಜಾಗ ತಿಂದಿದ್ದಾರೆ ಎಂದು ನಾನು ಡಿಸ್ಕಿನ ನಕ್ಷೆ ತೆರೆದೆ. ಆಗ ಮಾನ್ಯರಾದ ತಮ್ಮ ದರ್ಶನವಾಯಿತು. ಎಲ್ಲರಿಗಿಂತ ಎಡಕ್ಕೆ, ಎಲ್ಲರಿಗಿಂತ ಮುಂದೆ, ಎಲ್ಲರಿಗಿಂತ ಚಿಕ್ಕವರಾಗಿ ತಾವು ಕೂತಿದ್ದಿರಿ. ಮಿಕ್ಕವರಿಗೆ ಒಂದೊಂದು ಅಕ್ಷರದ ಹೆಸರಿದ್ದರೆ ತಮಗೆ ಅದೂ ಇರಲಿಲ್ಲ. ‘ಕಾದಿರಿಸಿದೆ’ ಎಂಬ ಒಂದು ಚೀಟಿ ಮಾತ್ರ. ಸಮಾರಂಭಗಳಲ್ಲಿ ಮುಂದಿನ ಸಾಲಿನ ಕುರ್ಚಿಗೆ ಇದೇ ಚೀಟಿ ಅಂಟಿಸಿ, ಬಾರದ ದೊಡ್ಡಮನುಷ್ಯರಿಗಾಗಿ ನಮ್ಮನ್ನು ಬಿಸಿಲಲ್ಲಿ ನಿಲ್ಲಿಸಿದ್ದು ನನಗೆ ನೆನಪಾಗಿ ಮೈ ಉರಿಯಿತು. ಹಲ್ಲಿನ ವೈದ್ಯರು ಬಿಟ್ಟುಹೋದ ಜೇಬು ಇದು ಎಂದು ತೀರ್ಮಾನಿಸಿದೆ.

ಅಳಿಸಲು ಹೋದರೆ ಆ ಆಜ್ಞೆ ಬೂದು ಬಣ್ಣಕ್ಕೆ ತಿರುಗಿ ನನ್ನ ಬೆರಳಿಗೆ ಸಿಗಲೇ ಇಲ್ಲ. ಅದು ಎಚ್ಚರಿಕೆಯೆಂದು ತಿಳಿದವರು ತಿಳಿಯುತ್ತಿದ್ದರು, ನಾನು ಸೊಕ್ಕೆಂದು ತಿಳಿದೆ. ಎಂದೋ ಪೇಟೆಯಲ್ಲಿ ಕೊಂಡ, ಡಿಸ್ಕಿನ ಎಂಥ ಪಾಲನ್ನಾದರೂ ಕೀಳಬಲ್ಲ ಒಂದು ಸೀಡಿ ನನ್ನಲ್ಲಿತ್ತು. ಅದು ನನ್ನನ್ನು ಎರಡು ಬಾರಿ ಖಚಿತವೇ ಎಂದು ಕೇಳಿತು. ಎರಡು ಬಾರಿಯೂ ನಾನು ಖಚಿತವಾಗಿದ್ದೆ. ಹನ್ನೊಂದು ಸೆಕೆಂಡಿನ ನಂತರ ತಾವಿರಲಿಲ್ಲ. ಯಂತ್ರವನ್ನು ಆರಿಸಿ ಮತ್ತೆ ಹಚ್ಚಿದಾಗ ಕಪ್ಪು ಪರದೆಯ ಮೇಲೆ, ಯಂತ್ರವನ್ನು ಎಬ್ಬಿಸುವವರು ಕಾಣೆಯಾಗಿದ್ದಾರೆ ಎಂಬರ್ಥದ ಒಂದೇ ಬಿಳಿ ಸಾಲು ಬಂತು. ಕಾಣೆಯಾದವರು ತಾವೇ ಎಂದು ಅರಿವಾಗಲು ನನಗೆ ಬೆಳಗಿನವರೆಗೆ ಹಿಡಿಯಿತು.

ತಾವು ಪ್ರತಿದಿನ ಎಲ್ಲರಿಗಿಂತ ಮೊದಲು ಎದ್ದು, ದೊಡ್ಡವರಾದ ಸಿ ಡ್ರೈವ್ ಅವರ ಬಾಗಿಲು ತಟ್ಟಿ ಎಬ್ಬಿಸಿ, ಮರುಕ್ಷಣವೇ ಮರೆಯಲ್ಲಿ ಕೂರುತ್ತಿದ್ದಿರಂತೆ. ಆರು ವರ್ಷದಲ್ಲಿ ಒಂದು ದಿನವಾದರೂ ಈ ವಿಷಯವನ್ನು ಬಾಯಿಬಿಟ್ಟು ಹೇಳಿಕೊಳ್ಳಲಿಲ್ಲ. ಇಂಥ ನಿಸ್ವಾರ್ಥ ಸೇವೆಗೆ ನಮ್ಮ ಪೇಟೆಯಲ್ಲಿ ಅಭ್ಯಾಸವಿಲ್ಲ, ಮಾನ್ಯರೇ. ಇಲ್ಲಿ ಕಸ ಗುಡಿಸಿದವರೂ ಗುಡಿಸಿದ್ದೇನೆ ಎಂದು ಕೂಗಿ ಹೇಳುತ್ತಾರೆ.

ಗುರುವಾರ ಬೆಳಿಗ್ಗೆ ಜೋಜೋ ಎಸಿಲ್ಫಿ ಬಂದ. ನಿಲ್ದಾಣದ ಎದುರು ದೊಡ್ಡ ಕೊಡೆಯ ಕೆಳಗೆ ಕೂತು ಕಂಪ್ಯೂಟರು, ಫೋನು, ಹೊಲಿಗೆಯಂತ್ರ ಮೂರನ್ನೂ ಒಂದೇ ತಿರುಗುಳಿಯಲ್ಲಿ ರಿಪೇರಿ ಮಾಡುವ, ಮೂರು ಮಕ್ಕಳ ತಂದೆ. ಚರ್ಚಿನ ವಾದ್ಯತಂಡದಲ್ಲಿ ದೊಡ್ಡ ಕಹಳೆ ಊದುವವನು. ನನ್ನ ವಿವರಣೆಯನ್ನೆಲ್ಲ ಕೇಳಿ, ಕನ್ನಡಕ ಹಣೆಗೇರಿಸಿದ.

“ಆಂಟಿ, ಝಾಡ್ಸಿದ್ದೇನೋ ಸರಿ. ಆದ್ರೆ ನೀವ್ ಕಿತ್ತಿದ್ದು ಜೇಬಲ್ಲ, ಸೊಂಟದ ಲಾಡಿ” ಎಂದ.

ಅವನ ಮದ್ದು ಎಂದಿನದೇ: ಇಡೀ ಡಿಸ್ಕನ್ನು ತೊಳೆದು ಹೊಸದಾಗಿ ಎಲ್ಲ ತುಂಬುವುದು, ಮಧ್ಯಾಹ್ನಕ್ಕೆ ಯಂತ್ರ ಓಡುವುದು. ಪೆನ್‌ಡ್ರೈವ್ ಚುಚ್ಚಿ, ಯಾವ ಪಾಲನ್ನು ತೊಳೆಯಬೇಕೆಂದು ಯಂತ್ರ ಕೇಳುವಲ್ಲಿಗೆ ತಂದು ನಿಲ್ಲಿಸಿಯೂ ಆಗಿತ್ತು. ನಾನು ಒಪ್ಪಿ ತಲೆಯಾಡಿಸುತ್ತಿದ್ದೆ. ನಾಲ್ಕು ಪುಟ ಹೋದರೆ ಹೋಗಲಿ, ನೆನಪಿನಿಂದ ನಾನೇ ಬರೆದುಬಿಡೋಣ, ಅವರಿಗೆ ಓದಲು ಬರುವುದಿಲ್ಲವಲ್ಲ ಎಂಬ ಯೋಚನೆ ಆಗ ನನ್ನ ತಲೆಯಲ್ಲಿ ಹಾದುಹೋಯಿತು. ಈ ಪತ್ರ ಬಹಿರಂಗವಾದದ್ದಾದ್ದರಿಂದ ಅದನ್ನೂ ಬಹಿರಂಗಪಡಿಸುತ್ತಿದ್ದೇನೆ.

ಅಷ್ಟರಲ್ಲಿ ಮಾಮೆ ಎಕುವಾ ಬಂದರು, ತಟ್ಟೆಯಲ್ಲಿ ನನಗಾಗಿ ಬಿಸಿ ಕೆಂಕಿ ಹಿಡಿದುಕೊಂಡು. ಯಂತ್ರ ಸ್ವಲ್ಪ ವಿಶ್ರಾಂತಿಯಲ್ಲಿದೆ ಎಂದು ನಾನು ಹೇಳಿದೆ. ಅವರು ನನ್ನ ಮುಖ ನೋಡಿದರು, ಪರದೆ ನೋಡಿದರು, ಬೆಂಚಿನ ಮೇಲೆ ಕೂತರು.

“ತೊಳೆಯೋದು ಅಂದ್ರೆ ಏನಪ್ಪಾ?” ಎಂದು ಜೋಜೋನನ್ನು ಕೇಳಿದರು. ಅವನು ಹೇಳಿದ. ಅವರು ತಟ್ಟೆಯನ್ನು ಬೆಂಚಿನ ಮೇಲಿಟ್ಟರು.

“ನಮ್ಮೋರು ಒಂದ್ಸಲ ಟೆಚಿಮಾನ್ ಸಂತೇಲಿ ಲಾರಿ ಕೀಲಿ ಕಳ್ಕೊಂಡ್ರು. ಲಾರಿ ತುಂಬ ಗೆಣಸು. ಕೀಲಿ ಹೋಯ್ತು ಅಂತ ಯಾರಾದ್ರೂ ಗೆಣಸನ್ನ ಹೊಳೆಗೆ ಸುರೀತಾರಾ? ಸರಕು ಮೇಲೇ ಇದೆ ತಾನೇ?”

ಜೋಜೋನ ಬೆರಳು ಗುಂಡಿಯ ಮೇಲಿಂದ ಎದ್ದಿತು. ಸರಕು ಮೇಲೇ ಇತ್ತು, ಮಾನ್ಯರೇ. ತಾವು ಹೋದದ್ದು ಒಬ್ಬರೇ. ಜೊತೆಗೆ ಏನನ್ನೂ ಕೊಂಡೊಯ್ದಿರಲಿಲ್ಲ. ತಿಂದದ್ದರ ಲೆಕ್ಕ ಕೊಡದೆ ಹೋಗುವವರನ್ನು ನಾನು ಬಹಳ ಕಂಡಿದ್ದೇನೆ, ಹೋಗುವಾಗ ಬರಿಗೈಲಿ ಹೋದವರು ತಾವೇ ಮೊದಲಿಗರು.

ಅದೇ ಪೆನ್‌ಡ್ರೈವಿನಲ್ಲಿ ತೊಳೆಯುವ ದಾರಿಯ ಪಕ್ಕದಲ್ಲೇ ರಿಪೇರಿಯ ದಾರಿಯೂ ಇತ್ತು. ಅದರಲ್ಲಿ ಹೆಚ್ಚು ದುಡ್ಡಿಲ್ಲವಾದ್ದರಿಂದ ಜೋಜೋ ಎಂದೂ ಆ ಕಡೆ ತಿರುಗಿರಲಿಲ್ಲ. ಕಪ್ಪು ಪರದೆ ತೆರೆದು, ಇನ್ನುಮುಂದೆ ಎಬ್ಬಿಸುವ ಜವಾಬ್ದಾರಿ ಸಿ ಡ್ರೈವ್ ಅವರದೇ ಎಂದು ಮೊದಲು ಗುರುತು ಹಾಕಿದ. ತಾವು ಮಾಡುತ್ತಿದ್ದ ಕೆಲಸದ ಕಡತಗಳನ್ನು ಆಮೇಲೆ ಅವರ ಮನೆಯೊಳಗೇ ಬರೆಸಿದ. ಒಟ್ಟು ಮೂರ್ನಾಲ್ಕು ಸಾಲು. ಮೊದಲ ಸಲ ಯಂತ್ರ ಏಳಲಿಲ್ಲ, ಒಂದು ಅಕ್ಷರ ತಪ್ಪಿತ್ತು. ಎರಡನೆಯ ಸಲ ಎದ್ದಿತು. ಇದೇ ಕೆಲಸವನ್ನು ತಮ್ಮನ್ನು ಬೀಳ್ಕೊಡುವ ಮೊದಲು ಮಾಡಿ, ಒಂದು ಸಲ ಯಂತ್ರವನ್ನು ಆರಿಸಿ ಹಚ್ಚಿ ನೋಡಿ, ಅದು ತಮ್ಮ ಸಹಾಯವಿಲ್ಲದೆ ಏಳುತ್ತದೆಂದು ಖಾತ್ರಿಯಾದ ಮೇಲೆ ತಮ್ಮನ್ನು ತೆಗೆದಿದ್ದರೆ, ಎಲ್ಲ ಕಾಲು ಗಂಟೆಯಲ್ಲಿ ಮುಗಿಯುತ್ತಿತ್ತು ಎಂದು ಜೋಜೋ ಆರನೆಯ ಕೆಂಕಿಯನ್ನು ಮುಗಿಸುತ್ತ ತಿಳಿಸಿದ.

ಮಾಮೆ ಎಕುವಾ ನಾಲ್ಕು ಪುಟವನ್ನೂ ಓದಿಸಲಿಲ್ಲ. ಹಾರ್ನಿನ ಮಾತೊಂದನ್ನು ಓದು ಎಂದರು. ಓದಿದೆ: ಮನೆಯ ತಿರುವಿಗೆ ಬಂದಾಗ ಅವರು ಎರಡು ಸಲ ಹಾರ್ನ್ ಹೊಡೆಯುತ್ತಿದ್ದರು, ಮೊದಲನೆಯದಕ್ಕೆ ನಾನು ಒಲೆ ಹಚ್ಚುತ್ತಿದ್ದೆ, ಎರಡನೆಯದಕ್ಕೆ ಹಿಂದಿನ ವಾರದ ಜಗಳ ಮರೆಯುತ್ತಿದ್ದೆ. “ಸಾಕು. ಅದಿದ್ರೆ ಮಿಕ್ಕಿದ್ದೂ ಇರುತ್ತೆ” ಎಂದು ತಟ್ಟೆ ತೆಗೆದುಕೊಂಡು ಹೋದರು.

ಇನ್ನು ತಾವು ಬಿಟ್ಟುಹೋದ ನೂರು ಎಂಬಿ ಆಸ್ತಿಯ ವಿಚಾರ. ಅದನ್ನು ಸಿ ಡ್ರೈವ್ ಅವರಿಗೆ ಸೇರಿಸಿಬಿಡು ಎಂದು ನಾನು ಜೋಜೋಗೆ ಹೇಳಿದೆ. ಆಗ ತಿಳಿದದ್ದು, ಸಿ ಡ್ರೈವ್ ಅವರು ಬಲಗಡೆಯ ಜಾಗವನ್ನಷ್ಟೇ ಸುಲಭವಾಗಿ ಸ್ವೀಕರಿಸುತ್ತಾರಂತೆ. ತಾವು ಕೂತಿದ್ದುದು ಅವರ ಎಡಗಡೆ. ಆರು ವರ್ಷ ನಮ್ಮೂರಿನಲ್ಲಿದ್ದ ಯಂತ್ರ, ನೋಡಿ. ಎಡಗೈಯಿಂದ ಕೊಟ್ಟದ್ದನ್ನು ಇಲ್ಲಿ ಮಗುವೂ ಮುಟ್ಟುವುದಿಲ್ಲ. ಅದರ ಸಂಸ್ಕಾರಕ್ಕೆ ನಾನು ತಲೆಬಾಗಿದೆ. ಜಾಗ ಅಲ್ಲೇ ಖಾಲಿ ಬಿದ್ದಿದೆ, ಮುಂದಿನ ಸಾಲಿನ ಕುರ್ಚಿಯ ಹಾಗೆ.

ಆದ್ದರಿಂದ ಮಾನ್ಯರಲ್ಲಿ ನನ್ನ ಅರಿಕೆಗಳು ಇಷ್ಟು: ಮುಂದೆ ಯಾವುದಾದರೂ ಬಡವರ ಯಂತ್ರದಲ್ಲಿ ತಾವು ಹುಟ್ಟಿದರೆ ದಯವಿಟ್ಟು ಬಲಗಡೆ ಹುಟ್ಟಬೇಕು, ‘ಕಾದಿರಿಸಿದೆ’ ಎನ್ನುವ ಬದಲು ಯಾರನ್ನು ಎಬ್ಬಿಸಲು ಕೂತಿದ್ದೀರಿ ಎಂದು ಬೋರ್ಡು ಹಾಕಿಕೊಳ್ಳಬೇಕು, ಯಾರಾದರೂ ಹೆಂಗಸು ಸೀಡಿ ಹಿಡಿದು ಬರುವುದು ಕಂಡರೆ ಬೂದು ಬಣ್ಣಕ್ಕೆ ತಿರುಗಿ ಸುಮ್ಮನಿರದೆ ಕೂಗಿಕೊಳ್ಳಬೇಕು, ಮತ್ತು ತಮ್ಮದೇ ಪುಸ್ತಿಕೆಗೆ ಒಂದು ಪಟ ಕಳಿಸಿಕೊಡಬೇಕು. ಮುದ್ರಣ ಉಚಿತ. ಪೆನ್‌ಡ್ರೈವ್ ತಾವು ತರುವ ಅಗತ್ಯವಿಲ್ಲ. ಗೋಡೆಯ ಮೇಲಿನ ಆ ನಿಯಮವನ್ನು ನಾನು ಗುರುವಾರ ಸಂಜೆ ಅಳಿಸಿದೆ, ಅಳಿಸುವ ಮೊದಲು ಯೋಚಿಸಿಯೇ.

ಶನಿವಾರ ಎಗ್ಯಾ ಬಾಯ್ಡೂ ಅವರ ಸಂಸ್ಕಾರ ಸಾಂಗವಾಗಿ ನಡೆಯಿತು. ಹೆಂಡತಿಯ ನಾಲ್ಕು ಪುಟವನ್ನು ಮಗಳು ಓದಿದಳು. ಓದು ಮುಗಿದು ಮೆರವಣಿಗೆ ಹೊರಟಾಗ, ಶವಪೆಟ್ಟಿಗೆ ಹೊತ್ತ ಸಂಘದ ಲಾರಿ ಮನೆಯ ತಿರುವಿನಲ್ಲಿ ಯಾರೂ ಹೇಳದೆಯೇ ಎರಡು ಸಲ ಹಾರ್ನ್ ಹೊಡೆಯಿತು. ಜೋಜೋ ಊದುತ್ತಿದ್ದ ಕಹಳೆ ಅಲ್ಲಿಗೇ ನಿಂತಿತು. ನಾನು ಮಾಮೆ ಎಕುವಾ ಅವರ ಪಕ್ಕದಲ್ಲಿದ್ದೆ.

“ಒಲೇನೇ ಹಚ್ಚಿಲ್ಲ ನಾನಿವತ್ತು” ಎಂದರು, ಯಾರಿಗೂ ಅಲ್ಲ.

ಇಷ್ಟನ್ನು ತಮ್ಮ ಗಮನಕ್ಕೆ ತರುತ್ತ, ಇಲ್ಲದವರಿಗೆ ಪತ್ರ ಬರೆದ ತಪ್ಪನ್ನು ಮನ್ನಿಸಬೇಕೆಂದು ಕೋರುವ,

ತಮ್ಮ ವಿಶ್ವಾಸಿ, ತಡವಾಗಿ ಆದರೂ,
ಅರಬಾ ಕ್ವಾನ್ಸಾ

ತಾ.ಕ.: ಈ ಪತ್ರವನ್ನು ಉಳಿಸಲು ಹೋದಾಗಲೂ ಜಾಗವಿಲ್ಲವೆಂದು ಯಂತ್ರ ಹೇಳಿತು. ಹುಡುಕಿ ನೋಡಿದರೆ, ನಾನೇ ಬಿಡುವಿನಲ್ಲಿ ನೋಡಲೆಂದು ತುಂಬಿಟ್ಟಿದ್ದ ಕುಮಾಸಿಯ ಸಿನಿಮಾಗಳು ಒಂಬತ್ತು ಸಾವಿರ ಎಂಬಿ. ತಮ್ಮಂಥವರು ತೊಂಬತ್ತು ಮಂದಿ ಕೂರಬಹುದಾದ ಜಾಗ. ಹೀಗಾಗಿ ಕೊನೆಯ ಲೆಕ್ಕ: ಜೋಜೋಗೆ ಆರು ಕೆಂಕಿ, ನಾಲ್ಕು ಮೀನು, ಒಂದು ಹೊಸ ವಿದ್ಯೆ. ಸಿ ಡ್ರೈವ್ ಅವರಿಗೆ ಹೆಚ್ಚುವರಿ ಕೆಲಸ, ಸೊನ್ನೆ ಜಾಗ. ನನಗೆ ನೂರು ಎಂಬಿ ಖಾಲಿ, ಉಪಯೋಗಕ್ಕಿಲ್ಲ. ತಮಗೆ ಈ ಪತ್ರ. ಮಾಮೆ ಎಕುವಾಗೆ ನಾಲ್ಕು ಪುಟ, ಎರಡು ಹಾರ್ನ್.