ಕಂಪ್ಯೂಟರಿಗೆ ನೀರು ಕುಡಿಸಿದವರು

ನಮ್ಮವರು ಜೀವಮಾನದಲ್ಲಿ ತಮ್ಮ ಕೈಯಾರೆ ನೀರು ಕುಡಿಸಿದ್ದು ಒಬ್ಬರಿಗೆ ಮಾತ್ರ. ಅದೂ ಒಂದು ಕಂಪ್ಯೂಟರಿಗೆ! ನನ್ನ ಮಾತು ಬಿಡಿ, ಮದುವೆಯಾದ ಹನ್ನೆರಡು ವರ್ಷದಲ್ಲಿ ನನಗೆ ಅವರಿಂದ ಒಂದು ಲೋಟ ನೀರು ಸಿಕ್ಕಿಲ್ಲ. ತಮಗೇ ಬಾಯಾರಿದರೂ ಅವರು ಎದ್ದು ನೀರಿನ ಕೊಡದ ಹತ್ತಿರ ಹೋದವರಲ್ಲ. ಕುರ್ಚಿಯಲ್ಲಿ ಕುಳಿತು ಅಡುಗೆಮನೆಯ ಕಡೆ ಮುಖ ಮಾಡಿ ಒಮ್ಮೆ ಗಂಟಲು ಸರಿಮಾಡಿಕೊಂಡರೆ ಆಯಿತು, ನಾನೋ ನಮ್ಮ ಅತ್ತೆಯೋ ತಂಬಿಗೆ ಹಿಡಿದು ಹಾಜರಾಗಬೇಕು. ಇಂಥ ಮಹಾಶಯರು ಒಂದು ತಗಡಿನ ಡಬ್ಬಿಯ ಬಾಯಾರಿಕೆ ನೀಗಿಸಲು ಆರು ತಿಂಗಳು ಒದ್ದಾಡಿದರು ಎಂದರೆ ನೀವು ನಂಬುತ್ತೀರಾ?

ನಾವು ಬೀದರದ ಕಡೆಯವರು, ನೆಲೆಸಿದ್ದು ಮಾತ್ರ ಮಹಾರಾಷ್ಟ್ರದಲ್ಲಿ. ಈಗ ಸಂಭಾಜಿನಗರವಾಗಿರುವ ಊರು ಆಗ ಔರಂಗಾಬಾದು. ನಾನು ಅಲ್ಲಿಯ ಶಾಲೆಯೊಂದರಲ್ಲಿ ಟೀಚರು. ಬ್ಯಾಂಕಿನ ಕೃಪೆಯಿಂದ ನಮ್ಮವರಿಗೆ ನಾಸಿಕಕ್ಕೆ ವರ್ಗವಾಯಿತು. ನಾನು, ಅತ್ತೆ ಇಲ್ಲಿ. ಅವರು ಅಲ್ಲಿ ಒಂಟಿ ಕೋಣೆಯ ಬಾಡಿಗೆದಾರರು. ಎರಡು ವಾರಕ್ಕೊಮ್ಮೆ ಬಂದು ಹೋಗುತ್ತಿದ್ದರು. ಮೊಬೈಲಿನಲ್ಲಿ ಮಾತಾಡಿದರೆ ಎರಡನೇ ನಿಮಿಷಕ್ಕೇ "ಫೋನ್ ಇಡ್ಲೇನು?" ಅನ್ನುವ ಜಾತಿ ಅವರದು. ಆದರೆ ಕಂಪ್ಯೂಟರಿನ ಎದುರು ಕೂತರೆ ಅರ್ಧ ಗಂಟೆ ಅಲುಗಾಡುವವರಲ್ಲ. ಹಾಗಾಗಿ ದಿನಾ ಸಂಜೆ ಏಳಕ್ಕೆ ಇಂಟರ್ನೆಟ್ಟಿನ ಮೂಲಕ ಮಾತು ಎಂದು ಗೊತ್ತುಮಾಡಿಕೊಂಡೆವು. ನಮ್ಮ ಸಂಸಾರ ಅನ್ನುವುದು ಆ ಅರ್ಧ ಗಂಟೆಯಲ್ಲೇ ನಡೆಯಬೇಕಿತ್ತು.

ಅದು ನಡೆಯದಂತೆ ಮಾಡಿದ್ದು ಅವರ ಕಂಪ್ಯೂಟರಿನ ಫ್ಯಾನು. ಬ್ಯಾಂಕಿನಲ್ಲಿ ಹಗಲೆಲ್ಲ ತೆವಳುವ ಕಂಪ್ಯೂಟರ್ ನೋಡಿ ಬೇಸತ್ತ ನಮ್ಮವರು, ಕೋಣೆಯಲ್ಲಾದರೂ ಓಡುವ ಯಂತ್ರ ಇರಲಿ ಎಂದು ಬಿಡಿಭಾಗ ತಂದು ತಾವೇ ಜೋಡಿಸಿದ್ದರು. ಸಾಲದ್ದಕ್ಕೆ, ತಯಾರಿಸಿದವರು ಹೇಳಿದ್ದಕ್ಕಿಂತ ಜೋರಾಗಿ ಅದನ್ನು ಓಡಿಸುತ್ತಿದ್ದರು. ಅಷ್ಟು ವೇಗದಲ್ಲಿ ಅವರು ಮಾಡುತ್ತಿದ್ದ ಘನಕಾರ್ಯ ಯಾವುದು ಗೊತ್ತೇ? ಒಬ್ಬರೇ ಕೂತು ಇಸ್ಪೀಟು ಆಡುವುದು! ಯಂತ್ರ ಕಾಯುತ್ತಿತ್ತು, ಅದನ್ನು ತಣಿಸಲು ಮೂರು ಫ್ಯಾನು ಹಿಟ್ಟಿನ ಗಿರಣಿಯಂತೆ ಗರಗರ ಅನ್ನುತ್ತಿದ್ದವು. ನನಗೆ ಗಿರಣಿ ಕೇಳುತ್ತಿತ್ತೇ ಹೊರತು ಗಂಡ ಕೇಳುತ್ತಿರಲಿಲ್ಲ. ವೇಗ ಸ್ವಲ್ಪ ಇಳಿಸಿದರೆ ಫ್ಯಾನೂ ಸುಮ್ಮನಾಗುತ್ತದಲ್ಲ ಎಂದು ಸಲಹೆ ಕೊಟ್ಟೆ. ಎರಡು ದಿನ ಮುನಿಸಿಕೊಂಡರು.

ಕೊನೆಗೆ ನಾನೂ ಹಟ ಹಿಡಿದೆ. "ಆ ಸಪ್ಪಳ ನಿಲ್ಲೋತನಕ ನಾ ಮಾತಾಡಂಗಿಲ್ರಿ. ನಿಮ್ ಮಿಷನ್ ಕೂಡನೇ ಸಂಸಾರ ಮಾಡ್ರಿ" ಎಂದುಬಿಟ್ಟೆ. ಬೇರೆ ಗಂಡಸಾಗಿದ್ದರೆ ಮಿಷನ್ನನ್ನು ಮಾರುತ್ತಿದ್ದ. ನಮ್ಮವರು ಅದಕ್ಕೆ ನೀರಿನ ವ್ಯವಸ್ಥೆ ಮಾಡಲು ಹೊರಟರು. ಕಂಪ್ಯೂಟರಿನೊಳಗೆ ಬಿಸಿಯಾಗುವ ಚಿಪ್ಪಿನ ಮೇಲೆ ತಾಮ್ರದ ಒಂದು ಪುಟ್ಟ ಡಬ್ಬಿ ಕೂರಿಸುವುದು, ಅದರೊಳಗೆ ಪಂಪಿನಿಂದ ನೀರು ಹಾಯಿಸುವುದು, ಕಾದ ನೀರನ್ನು ರೇಡಿಯೇಟರಿನಲ್ಲಿ ತಣಿಸಿ ಮತ್ತೆ ಒಳಗೆ ಕಳಿಸುವುದು. ಆಗ ಗಿರಣಿ ಫ್ಯಾನುಗಳೇ ಬೇಡವಂತೆ. ನೀರೂ ಸಾಮಾನ್ಯದ್ದಲ್ಲ, ಬ್ಯಾಟರಿಗೆ ಹಾಕುವ ಶುದ್ಧ ನೀರು! ಔರಂಗಾಬಾದಿನಲ್ಲಿ ನಮಗೆ ಮೂರು ದಿನಕ್ಕೊಮ್ಮೆ ನಳ ಬರುತ್ತಿತ್ತು. ಬಂದ ದಿನ ನಾನೂ ಅತ್ತೆಯೂ ಕೊಡ, ಪಾತೇಲಿ, ಕಡೆಗೆ ಚಹಾದ ಕೆಟಲನ್ನೂ ಬಿಡದೆ ತುಂಬಿಡುತ್ತಿದ್ದೆವು. ಯಂತ್ರಕ್ಕೆ ಶುದ್ಧ ನೀರೆಂಬ ಸುದ್ದಿ ಕೇಳಿ ನನಗೆ ಹೊಟ್ಟೆಕಿಚ್ಚಾಯಿತು ಎಂದರೆ ತಪ್ಪೇನು?

ತಾಮ್ರದ ಡಬ್ಬಿಗೆ ನಾಸಿಕದಲ್ಲಿ ಬರವೇ? ಹಳೇ ಪೇಟೆಯಲ್ಲಿ ತಾಮ್ರದ ಕೆಲಸ ಮಾಡುವ ತಾಂಬಟರ ಓಣಿಗೆ ಹೋಗಿ, ಪೂಜೆಯ ಪಾತ್ರೆ ಬಡಿಯುವ ಒಬ್ಬ ಮುದುಕರಿಗೆ ನಕ್ಷೆ ಕೊಟ್ಟರು. ಮುದುಕರು ನಕ್ಷೆ ತಿರುಗಿಸಿ ಮುರುಗಿಸಿ ನೋಡಿ, "ಕೋಣತ್ಯಾ ದೇವಾಸಾಠೀ?" ಎಂದು ಕೇಳಿದರಂತೆ. ಯಾವ ದೇವರಿಗೆ ಎಂದು ಕೇಳಿದರೆ ಏನು ಹೇಳುವುದು? ನಮ್ಮವರು ಸುಮ್ಮನೆ ನಕ್ಕು ಬಂದರು. ಆ ನಗೆಯೇ ಮುಳುವಾಯಿತು. ವಾರ ಬಿಟ್ಟು ಹೋದರೆ ಡಬ್ಬಿ ಥಳಥಳ ಹೊಳೆಯುತ್ತಿದೆ, ಚಿಪ್ಪಿಗೆ ಅಂಟಿ ಕೂರಬೇಕಾದ ನುಣುಪು ಮೈಯ ಮೇಲೆ ದೊಡ್ಡದಾಗಿ 'ಶ್ರೀ' ಎಂದು ಕೆತ್ತಿದೆ! ದೇವರ ಸಾಮಾನು ಬರಿದಾಗಿ ಕೊಡಬಾರದೆಂದು ಮುದುಕರು ಅಕ್ಕರೆಯಿಂದ ಮಾಡಿದ ಕೆಲಸ. ನಮ್ಮವರು ಮೂರು ಸಂಜೆ ಉಸುಕು ಕಾಗದ ಹಿಡಿದು, ಮನಸ್ಸಿನಲ್ಲೇ ಕ್ಷಮೆ ಕೇಳುತ್ತಾ ಆ ಶ್ರೀಯನ್ನು ಉಜ್ಜಿ ತೆಗೆದರು.

ಇನ್ನು ಪೈಪು, ರೇಡಿಯೇಟರು ಕೂರಿಸಲು ಕಂಪ್ಯೂಟರಿನ ಡಬ್ಬಿಯ ತಗಡು ಕೊರೆಯಬೇಕಲ್ಲ? ತಗಡಿನ ಕೆಲಸಕ್ಕೆ ಬೇಸಿಗೆಯ ಏರ್ ಕೂಲರ್ ಕಟ್ಟಿಕೊಡುವ ನಮ್ಮೂರ ಮಿಸ್ತ್ರಿಗಳೇ ಸರಿ ಎಂದು ನಮ್ಮವರ ನಂಬಿಕೆ. ಹಾಗಾಗಿ ಏಪ್ರಿಲ್ ತಿಂಗಳ ಒಂದು ಶನಿವಾರ, ಪೈಪುಗಳು ಜೋಲಾಡುವ ಕಂಪ್ಯೂಟರನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸು ಹತ್ತಿದರು. ಕಂಡಕ್ಟರು ಇದೇನು ಎಂದು ಬಾಯಿತಪ್ಪಿ ಕೇಳಿದರಂತೆ. ದಾರಿಯಲ್ಲಿ ಯೇವಲಾ ಬರುವಷ್ಟರಲ್ಲಿ ಆ ಮನುಷ್ಯನಿಗೆ ಪಂಪು, ರೇಡಿಯೇಟರು, ಶ್ರೀ ಎಲ್ಲದರ ವಿವರಣೆ ಸಿಕ್ಕಿತ್ತು. ವೈಜಾಪುರದಲ್ಲಿ ಕಂಡಕ್ಟರು ಡ್ರೈವರ್ ಪಕ್ಕ ಹೋಗಿ ಕೂತವರು ಮತ್ತೆ ಹಿಂದಕ್ಕೆ ಬರಲಿಲ್ಲ.

ಮಿಸ್ತ್ರಿ ತನಗೆ ತಿಳಿದ ವಿದ್ಯೆಯನ್ನೇ ಮಾಡಿದ. ಮೇಲ್ಗಡೆ ಚೌಕಾಕಾರವಾಗಿ ಕೊರೆದು ಕೂಲರಿನ ಜಾಳಿಗೆ ಹಾಕಿದ, ಪಕ್ಕಕ್ಕೂ ಒಂದು ಹಾಕಿದ. ಇನ್ನು ಸೋರುತ್ತದೆಯೇ ಎಂದು ಪರೀಕ್ಷೆ. ಕಂಪ್ಯೂಟರಿಗೆ ಕರೆಂಟು ಕೊಡದೆ, ನೀರು ಹಾಯಿಸಲು ತಂದಿದ್ದ ಮೀನಿನ ತೊಟ್ಟಿಯ ಪಂಪನ್ನು ಮಾತ್ರ ಒಂದು ಹಗಲು ಓಡಿಸಿ ನೋಡಬೇಕಂತೆ. ಪಡಸಾಲೆಯಲ್ಲಿಟ್ಟು, ಪೈಪುಗಳ ಸಂದಿಗೆಲ್ಲ ಟಿಶ್ಯೂ ಕಾಗದ ಸುತ್ತಿ, ನಮ್ಮವರು ಸ್ನಾನಕ್ಕೆ ಹೋದರು. ಬಂದು ನೋಡಿದರೆ ಕಾಗದವೆಲ್ಲ ತೊಪ್ಪೆ! ಎಲ್ಲಿ ಸೋರಿತೆಂದು ಅವರು ನೆಲಕ್ಕೆ ಕೆನ್ನೆ ಹಚ್ಚಿ ಹುಡುಕುತ್ತಿರುವಾಗ ಅತ್ತೆ ಒಳಗಿನಿಂದ ಬಂದರು.

"ನೀರು ಕಡಿಮಿ ಆಗಿತ್ತಪಾ, ಒಂದು ತಂಬಿಗಿ ಹಾಕೀನಿ."

"ಎಲ್ಲಿ ಹಾಕಿದಿ ಅವ್ವ?"

"ಮ್ಯಾಲಿಂದ. ಕೂಲರಿಗೆ ಮತ್ತೆಲ್ಲಿ ಹಾಕ್ತಾರ?"

ಅವರದೇನು ತಪ್ಪು ಹೇಳಿ? ಬೇಸಿಗೆಯಲ್ಲಿ ನಮ್ಮೂರಿನಲ್ಲಿ ಕೂಲರಿನ ಪಕ್ಕ ಹಾದುಹೋಗುವವರೆಲ್ಲ ಒಂದು ತಂಬಿಗೆ ನೀರು ಸುರಿದೇ ಹೋಗುವುದು ಪದ್ಧತಿ. ಜಾಳಿಗೆ ಇದೆ, ಪಂಪು ಗುಳುಗುಳು ಅನ್ನುತ್ತಿದೆ, ಎದುರು ಕೂತರೆ ಗಾಳಿ ಮಾತ್ರ ಬರುತ್ತಿಲ್ಲ. ನೀರು ತೀರಿರಬೇಕು ಅಂದುಕೊಂಡರು. ಅದೂ ನಳ ಬರದ ದಿನ, ಕುಡಿಯುವ ಕೊಡದಿಂದ ತೆಗೆದು ಹಾಕಿದ್ದರು! ಕಂಪ್ಯೂಟರಿನ ಕರುಳನ್ನೆಲ್ಲ ಬಿಚ್ಚಿ ಮಾಳಿಗೆಯ ಮೇಲೆ, ಸಂಡಿಗೆಯ ಪಕ್ಕ ಹರವಿದೆವು. ನಮ್ಮವರು ರಜೆ ಹಾಕಿದರು. ಅತ್ತೆ ತಪ್ಪೊಪ್ಪಿಗೆಯೆಂಬಂತೆ ಎರಡು ದಿನ ಕೋಲು ಹಿಡಿದು ಕಾಗೆ ಕಾದರು. ಸಂಡಿಗೆಯನ್ನು ಕಾಗೆಗಳು ತಿಂದವು, ಕಂಪ್ಯೂಟರು ಉಳಿಯಿತು.

ನಾಸಿಕಕ್ಕೆ ವಾಪಸು ಹೋದವರು ಮೂರು ವಾರ ಇತ್ತ ಬರದೆ, ಹಳೇ ಫ್ಯಾನು ಓಡಿಸಿ ಪರೀಕ್ಷಿಸುತ್ತಾ ಎಲ್ಲವನ್ನೂ ಮತ್ತೆ ಜೋಡಿಸಿದರು. ಕೊನೆಗೆ, ಮುಂದಿನ ಶನಿವಾರ ಸಂಜೆ ಏಳಕ್ಕೆ ತಯಾರಿರು ಎಂದು ಮೊಬೈಲಿನಲ್ಲಿ ತಿಳಿಸಿದರು. ನಾನೂ ಅತ್ತೆಯೂ ನಮ್ಮ ಕಂಪ್ಯೂಟರಿನ ಮುಂದೆ ಕುಳಿತೆವು. ಸ್ಪೀಕರಿನಲ್ಲಿ ಏನೂ ಇಲ್ಲ. ಗಿರಣಿ ನಿಂತಿತ್ತು. ಸಂಪರ್ಕವೇ ಕಡಿದಿದೆಯೇನೋ ಅಂದುಕೊಳ್ಳುವಷ್ಟರಲ್ಲಿ ಅವರ ದನಿ, ಪಕ್ಕದಲ್ಲೇ ಕೂತು ಮಾತಾಡಿದಷ್ಟು ಸ್ಪಷ್ಟವಾಗಿ ಬಂತು. ಆರು ತಿಂಗಳ ಮೇಲೆ ಕಂಪ್ಯೂಟರಿನಲ್ಲಿ ಗಂಡನ ದನಿಯನ್ನು ಸರಿಯಾಗಿ ಕೇಳುತ್ತಿದ್ದೆ; ಖುಷಿಗೆ ಕುರ್ಚಿಯನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡೆ. ಅವರಂತೂ ಪಂಪಿನ ಗುಣಗಾನ ಶುರುಮಾಡಿದರು. ಮಾತಿನ ನಡುವೆ ಒಮ್ಮೆ ಗಂಟಲು ಸರಿಮಾಡಿಕೊಂಡರು.

ನನ್ನ ಪಕ್ಕದಲ್ಲಿದ್ದ ಅತ್ತೆ ಧಡಕ್ಕನೆ ಎದ್ದು ಅಡುಗೆಮನೆಯತ್ತ ಹೊರಟರು. ಎರಡು ಹೆಜ್ಜೆ ಇಟ್ಟವರು ಅಲ್ಲೇ ನಿಂತರು.

ಅತ್ತ ನಾಸಿಕದಲ್ಲಿ ಪಂಪಿನ ಗುಣಗಾನ ನಿಂತಿತು. ಆಮೇಲೆ ಕುರ್ಚಿ ಸರಿಯಿತು. ಚಪ್ಪಲಿಯ ಸಪ್ಪಳ ನಾಲ್ಕು ಹೆಜ್ಜೆ ಹೋಯಿತು. ಕೊಡದ ಮುಚ್ಚಳ ಎತ್ತಿದ್ದು, ಲೋಟ ಕೊಡಕ್ಕೆ ತಾಗಿದ್ದು, ಅವರು ನೀರು ಕುಡಿದದ್ದು ಎಲ್ಲ ಕೇಳಿಸಿತು. ಕುಡಿದ ಮೇಲೆ ಕೆಮ್ಮಿದರು, ಒಳ್ಳೆಯ ಕೆಮ್ಮಲ್ಲ. ಆ ಕೋಣೆಯಲ್ಲಿ ಬೇರೆ ಯಾವ ಸದ್ದೂ ಇರಲಿಲ್ಲ. ಅವರು ಅಲ್ಲಿ ಎಷ್ಟು ಒಂಟಿಯಾಗಿದ್ದಾರೆ ಎನ್ನುವುದು ನನಗೆ ಅಲ್ಲಿಯವರೆಗೆ ಹೊಳೆದೇ ಇರಲಿಲ್ಲ. ಕಣ್ಣು ತುಂಬಿ ಬಂತು.

"ಕೆಮ್ಮು ಯಾವಾಗಿಂದ ಅದರಿ?" ಎಂದೆ.

"ಹದಿನೈದು ದಿನ ಆತು. ಮೊಬೈಲಿನಾಗ ಹೇಳಿದ್ದೆ, ಫ್ಯಾನಿನ ಸಪ್ಪಳದಾಗ ನಿನಗ ಕೇಳಿಸಿರಲಿಕ್ಕಿಲ್ಲ. ಈಗ ಬರೋಬರಿ ಕೇಳಸ್ತದಲ್ಲ?"

"ಕೇಳಸ್ತದರಿ," ಎಂದೆ, "ಎಲ್ಲಾ ಕೇಳಸ್ತದ."

ಹಿಂದೆ ತಿರುಗಿ ನೋಡಿದರೆ, ಅತ್ತೆ ಆಗಲೇ ಚೀಲಕ್ಕೆ ಸೀರೆ ತುಂಬುತ್ತಿದ್ದರು. ನಾಸಿಕಕ್ಕೆ ಬೆಳಗಿನ ಮೊದಲ ಬಸ್ಸು ಎಷ್ಟಕ್ಕೆ ಎಂದು ಕೇಳಿದರು.