ಬೇಸಿನ್ ಬ್ರಿಡ್ಜ್‌ನಲ್ಲಿ ನಿಂತ ಗಾಡಿ

ಇರಲಾರದೆ ಇರುವೆ ಬಿಟ್ಟುಕೊಂಡ ಎಂಬ ಮಾತನ್ನು ಮೊದಲು ಆಡಿದ ಪುಣ್ಯಾತ್ಮ ಕಂಪ್ಯೂಟರ್ ಕಂಡವನಲ್ಲ. ಆದರೂ ಆ ಮಾತು ಮದರಾಸಿನ ಕೀಲ್ಪಾಕಿನ ರಾಮದಾಸನ ಅಳತೆ ತೆಗೆದೇ ಹೊಲಿದಂತಿತ್ತು. ಅವನ ಮನೆಯ ಕಂಪ್ಯೂಟರಿನಲ್ಲಿ ರೈಲು ಓಡಿಸುವ ಆಟವೊಂದು ಶನಿವಾರದವರೆಗೂ ಚೆನ್ನಾಗಿಯೇ ಓಡುತ್ತಿತ್ತು. ಇಂಜಿನ್ನು ಇಟ್ಟಿಗೆಯ ಹಾಗೆ ಕಾಣುತ್ತಿತ್ತು, ನಿಜ. ಮರಗಳು ಹಸಿರು ಕಾಗದ ಕತ್ತರಿಸಿ ನಿಲ್ಲಿಸಿದಂತಿದ್ದವು, ಅದೂ ನಿಜ. ಆದರೆ ಓಡುತ್ತಿತ್ತು. ಶನಿವಾರ ಸಂಜೆ ಅವನು ರಿಚಿ ಸ್ಟ್ರೀಟಿಗೆ ಹೋಗಿ, ಚಿತ್ರಗಳಿಗೆ ಜೀವ ಬರಿಸುತ್ತದೆಂಬ ಹೊಸ ಗ್ರಾಫಿಕ್ಸ್ ಕಾರ್ಡನ್ನೂ ಇನ್ನಷ್ಟು ಮೆಮೊರಿಯನ್ನೂ ಕೊಂಡು ತಂದು, ಕಂಪ್ಯೂಟರಿನ ಡಬ್ಬಿ ಬಿಚ್ಚಿ ತಾನೇ ಒಳಗೆ ಕೂರಿಸಿದ. "ಸೂಪ್ಪರಾ ಓಡುಂ ಸಾರ್" ಎಂದು ಅಂಗಡಿಯವನು ಆಣೆ ಇಟ್ಟಿದ್ದ. ಭಾನುವಾರ ಬೆಳಿಗ್ಗೆ ರೈಲು ನಿಂತಿತು.

ಅದೂ ಎಂಥ ಭಾನುವಾರ? ಮಾವ ಬರುವ ಭಾನುವಾರ.

ಮಾವ ಕಿಟ್ಟಣ್ಣನವರು ಜೋಲಾರ್‌ಪೇಟೆ ಶೆಡ್ಡಿನಲ್ಲಿ ಇಂಜಿನ್ ಡ್ರೈವರಾಗಿದ್ದವರು. ಮದರಾಸಿಗೆ ಮೇಲ್ ಗಾಡಿಗಳನ್ನು ತಂದು ತಂದು, ನಿವೃತ್ತರಾಗಿ, ಈಗ ಬಂಗಾರಪೇಟೆಯಲ್ಲಿದ್ದರು. ಅಳಿಯನನ್ನು ಅವರು ಒಂದು ದಿನವೂ ಬೈದವರಲ್ಲ. ಬೈದಿದ್ದರೆ ರಾಮದಾಸ ಇಷ್ಟು ಕೊರಗುತ್ತಿರಲಿಲ್ಲ. ಮನೆಯ ಫ್ಯೂಸು ಹೋದರೆ "ಅಳಿಯಂದಿರು ತುಂಬಾ ಓದಿದೋರು, ಅವರಿಗೆ ಇಂಥ ಕೆಲಸ ಹೇಳ್ಬೇಡಿ" ಎಂದು ಬಹಳ ಗೌರವದಿಂದ ತಾವೇ ಸ್ಟೂಲು ಹತ್ತುವರು. ಗೇಟು ಕಾಯುವವನಿಗೆ, ಕಾಫಿ ಮಾರುವವನಿಗೆ, ಸರಿಯಾಗಿ ಹಿಡಿದ ಬ್ರೇಕಿಗೆ ಸಹ "ಭೇಷ್" ಎನ್ನುತ್ತಿದ್ದ ಆ ಬಾಯಿಂದ ಅಳಿಯನ ಪಾಲಿಗೆ ಒಂದು ಭೇಷ್ ಉದುರಿರಲಿಲ್ಲ. ಅದೊಂದು ಸಿಕ್ಕಿದರೆ ಸಾಕು, ಇನ್ಸೂರೆನ್ಸ್ ಆಫೀಸಿನ ಬಡ್ತಿ ಸಿಗದಿದ್ದರೂ ಚಿಂತೆಯಿಲ್ಲ ಎನ್ನುವಷ್ಟು ರಾಮದಾಸನಿಗೆ ಆಸೆಯಿತ್ತು.

ಆಗಲೇ ಆಫೀಸಿನ ಸ್ನೇಹಿತನೊಬ್ಬ ಈ ಆಟದ ಸೀಡಿ ಕೊಟ್ಟ. ಯಾರೋ ರೈಲಿನ ಹುಚ್ಚು ಹಿಡಿದವರು ಕೂತು ನಮ್ಮ ಹಳಿ, ನಮ್ಮ ಸ್ಟೇಷನ್ನು, ನಮ್ಮ ಸಿಗ್ನಲ್ಲುಗಳನ್ನೇ ಅದರೊಳಗೆ ಕಟ್ಟಿದ್ದರು. ರಾಮದಾಸ ಬಂಗಾರಪೇಟೆಗೆ ಫೋನ್ ಮಾಡಿದ.

"ಮಾವ, ನಮ್ಮನೇಲಿ ನೀವು ಮತ್ತೆ ಗಾಡಿ ಓಡಿಸ್ಬಹುದು. ಪೆರಂಬೂರಿಂದ ಸೆಂಟ್ರಲ್‌ವರೆಗೆ. ಅದೇ ಲೈನು!"

 "ಭಾನುವಾರ ಬರ್ತೀನಿ" ಎಂದರು ಮಾವ. ಮಗಳ ಮನೆಗೆ ಕರೆದಾಗಲೆಲ್ಲ ಮೊಣಕಾಲು ನೋವು ಎನ್ನುತ್ತಿದ್ದವರು!

ಇಟ್ಟಿಗೆಯಂಥ ಇಂಜಿನ್ನನ್ನು ಅವರಿಗೆ ತೋರಿಸುವುದು ಹೇಗೆ? ಹಾಗಾಗಿ ಹೊಸ ಕಾರ್ಡು.

ಭಾನುವಾರ ಬೆಳಿಗ್ಗೆ ರಾಮದಾಸ ಆಟದಲ್ಲಿದ್ದ ಸೊಗಸುಗಳನ್ನೆಲ್ಲ ಪೂರ್ತಿ ಏರಿಸಿದ. ನೆರಳು, ಹೊಗೆ, ಮೋಡ, ನೀರು, ಒಂದನ್ನೂ ಬಿಡಲಿಲ್ಲ. ಪರದೆ ಬೆಳಗಿತು, ಅವನ ಬಾಯಿ ತೆರೆದದ್ದು ತೆರೆದೇ ಇತ್ತು. ಹಳಿಗಳ ಮೇಲೆ ಎಳೆ ಬಿಸಿಲು ತುಪ್ಪದ ಹಾಗೆ ಹರಿದಿತ್ತು. ವ್ಯಾಸರ್ಪಾಡಿಯ ಮಾಡುಗಳ ಮೇಲೆ ಹೊಗೆ ಸುರುಳಿಯಾಗಿ ಏಳುತ್ತಿತ್ತು. ಇಂಜಿನ್ನಿನ ಗಾಜಿನಲ್ಲಿ ಮೋಡದ ನೆರಳು ಕಂಡಿತು. ಒಂದು ಕ್ಷಣ ಅವನಿಗೆ ಇದು ಮನುಷ್ಯರು ಮಾಡಿದ್ದು ಎನ್ನಿಸಲಿಲ್ಲ.

"ಸುಮತೀ, ಬಾರೇ ಇಲ್ಲಿ!"

ಹೆಂಡತಿ ಸುಮತಿ ದೋಸೆ ಮಗುಚುವ ಕೈಯಲ್ಲೇ ಓಡಿಬಂದಳು. "ಅಯ್ಯೋ ದೇವ್ರೇ, ಎಷ್ಟು ಚೆನ್ನಾಗಿದೆ! ಅಪ್ಪ ನೋಡಿದ್ರೆ ಅತ್ತೇಬಿಡ್ತಾರೆ ಕಣ್ರೀ. ಎಲ್ಲಿ, ಓಡಿಸಿ."

ರಾಮದಾಸ ಓಡಿಸಿದ. ಗಾಡಿ ಒಂದು ಹೆಜ್ಜೆ ಇಟ್ಟಿತು. ನಿಂತಿತು. ಯೋಚಿಸಿತು. ಇನ್ನೊಂದು ಹೆಜ್ಜೆ ಇಟ್ಟಿತು. ಹಾರ್ನ್ ಒತ್ತಿದರೆ ಬಿಕ್ಕಳಿಕೆ ಬಂದವರ ಹಾಗೆ "ಪೋ... ಪೋ... ಪೋ" ಎಂದಿತು.

"ಇದೇನ್ರೀ, ಹಳಿಗೆ ಗೋಂದು ಹಚ್ಚಿದ ಹಾಗಿದೆ? ಮೊದ್ಲು ಓಡ್ತಾ ಇತ್ತಲ್ಲ, ಅದಕ್ಕೇನಾಗಿತ್ತು?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಸುಮತಿ ತಂದೆಯನ್ನು ಕರೆತರಲು ಸೆಂಟ್ರಲ್ ಸ್ಟೇಷನ್ನಿಗೆ ಹೊರಟಳು.

ಹಾರ್ನಿನ ಬಿಕ್ಕಳಿಕೆ ಕೇಳಿ ಕೆಳಗಿನ ಮನೆಯ ಮಧ್ವರಾಜರು ಮೇಲೆ ಬಂದರು. ಇವರದು ತಾತನ ಕಾಲದಿಂದಲೂ ಮದರಾಸಿನಲ್ಲೇ ಇದ್ದು, ಕನ್ನಡದಲ್ಲಿ ತಮಿಳು ಬೆರೆತ ಕುಟುಂಬ. ಬ್ಯಾಂಕಿಗೆ ಮೊಟ್ಟಮೊದಲ ಕಂಪ್ಯೂಟರ್ ಬಂದ ದಿನ ಅದರ ಪೆಟ್ಟಿಗೆ ಒಡೆದವರಲ್ಲಿ ತಾವೂ ಒಬ್ಬರು ಎಂಬ ಯೋಗ್ಯತೆಯಿಂದ ಇಡೀ ಕಟ್ಟಡಕ್ಕೆ ಕಂಪ್ಯೂಟರ್ ಪಂಡಿತರಾಗಿದ್ದರು.

"ಏನಪ್ಪಾ ರಾಮದಾಸ್, ಒರೇ ಸದ್ದು? ಓ, ಇದಾ! ವೋಲ್ಟೇಜ್ ಕಮ್ಮಿ, ಅಷ್ಟೇ. ಕತ್ತಿರಿ ವೆಯಿಲು, ಸುಡುಬಿಸಿಲು ಅಲ್ವಾ, ಊರೆಲ್ಲ ಏಸಿ ಹಾಕಿರ್ತಾರೆ. ಇರು, ಬಂದೆ."

ಹೋದವರು ತಮ್ಮ ಮನೆಯ ಫ್ರಿಜ್ಜಿನ ಸ್ಟೆಬಿಲೈಸರನ್ನೇ ಕಿತ್ತು, ಎದೆಗವುಚಿಕೊಂಡು ಮೆಟ್ಟಿಲೇರಿ ಬಂದರು. ಜೋಡಿಸಿದರು. ಸ್ಟೆಬಿಲೈಸರು ಗುಂಯ್ ಎಂದಿತು. ಗಾಡಿ ಮಾತ್ರ ಅದೇ ಹೆಜ್ಜೆ, ಅದೇ ಯೋಚನೆ.

"ಹಾಗಾದ್ರೆ ಅದರ ಹೊಟ್ಟೇಲಿ ಕುಪ್ಪೆ ಜಾಸ್ತಿ ಆಗಿದೆಪ್ಪಾ. ಬೇಡದ್ದೆಲ್ಲ ಅಳಿಸಿ ಕಾಲಿ ಮಾಡು."

ರಾಮದಾಸ ಸಿಕ್ಕಿದ್ದನ್ನೆಲ್ಲ ಅಳಿಸಿದ. ಅದರಲ್ಲಿ ಸುಮತಿಯ ತಂಗಿಯ ಮದುವೆಯ ಫೋಟೋಗಳೂ ಇದ್ದವು. ಅದು ಹೆಂಡತಿಗೆ ಗೊತ್ತಾದರೆ ಏನಾದೀತೆಂದು ಯೋಚಿಸಲು ಆಗ ಅವನಿಗೆ ಪುರಸೊತ್ತಿರಲಿಲ್ಲ. ಹೊಟ್ಟೆ ಖಾಲಿಯಾಯಿತು, ಗಾಡಿ ಅಲುಗಲಿಲ್ಲ.

ಅಷ್ಟರಲ್ಲಿ ಮಧ್ವರಾಜರ ಹೆಂಡತಿ ಜಯಲಕ್ಷ್ಮೀ ಮಾಮಿ ತಮ್ಮ ಸ್ಟೆಬಿಲೈಸರನ್ನು ಹುಡುಕಿಕೊಂಡು ಬಂದರು. ಜಗಳಕ್ಕೆಂದೇ ಸೆರಗು ಸಿಕ್ಕಿಸಿ ಬಂದವರು ಪರದೆ ಕಂಡು ಬಾಗಿಲಲ್ಲೇ ನಿಂತುಬಿಟ್ಟರು.

"ಅಡಡಾ! ಇದು ನಮ್ಮ ಪೆರಂಬೂರೇ ಅಲ್ವಾ? ಎಷ್ಟ್ ಅಳಗಾಗಿದೆ! ಇಷ್ಟು ಚಂದ ಇದ್ರೆ ದೃಷ್ಟಿ ಬೀಳದೆ ಇರತ್ತಾ ರಾಮದಾಸ್? ಹೊಸ ಸಾಮಾನು ತಂದು ಪೂಜೆ ಮಾಡಿದ್ಯಾ?"

"ಇಲ್ಲ ಮಾಮಿ."

"ಸೊಲ್ಲು ಮತ್ತೆ! ಅದಕ್ಕೇ ನಿಂತಿದೆ."

ಮಾಮಿ ಕರ್ಪೂರ ತಂದರು, ಕುಂಕುಮ ತಂದರು, ಮುಡಿಯಲು ಇಟ್ಟಿದ್ದ ಮಲ್ಲಿಗೆಯ ಸರವನ್ನೂ ತಂದರು. ಡಬ್ಬಿಗೆ ಬೊಟ್ಟಿಟ್ಟು, ಸರ ಏರಿಸಿ, ಮಂಗಳಾರತಿ ಎತ್ತಿದರು. ಡಬ್ಬಿಯ ಹಿಂದಿನ ಫ್ಯಾನು ಸರದ ತುದಿಯನ್ನು ಮೆಲ್ಲಗೆ ಎಳೆದುಕೊಂಡಿತು. ನೋಡುನೋಡುತ್ತ ಮೊಳವುದ್ದ ಮಲ್ಲಿಗೆ ಕಟಕಟ ಎಂದು ಒಳಗೆ ಹೋಯಿತು. ಮನೆಯೆಲ್ಲ ಹುರಿದ ಮಲ್ಲಿಗೆಯ ವಾಸನೆ.

"ಸ್ವೀಕಾರ ಆಯ್ತು" ಎಂದು ಮಾಮಿ ಭಕ್ತಿಯಿಂದ ಕೈ ಮುಗಿದರು.

ರಾಮದಾಸ ಮಂಡಿಯೂರಿ, ಮಾಮಿಯ ಹೇರ್‌ಪಿನ್ನಿನಿಂದ ಫ್ಯಾನಿನೊಳಗಿನ ಹೂವಿನ ನಾರು ಕೀಳುತ್ತಿದ್ದಾಗಲೇ ಬಾಗಿಲಲ್ಲಿ ಧ್ವನಿ ಕೇಳಿತು.

"ಅಳಿಯಂದಿರು ಕೆಲಸದಲ್ಲಿದ್ದಾರೆ. ತೊಂದ್ರೆ ಕೊಡ್ಬೇಡಮ್ಮ ಸುಮತಿ."

ಮಾವ!

ಊಟವಾದ ಮೇಲೆ ರಾಮದಾಸ ಮಲಗಿ ಎಂದ, ಮಲಗಲಿಲ್ಲ. ಅಡ್ಯಾರಿಗೆ ಹೋಗಿ ಆಲದ ಮರ ನೋಡೋಣ ಎಂದ, ಒಪ್ಪಲಿಲ್ಲ. ಕಿಟ್ಟಣ್ಣನವರು ಮುಖ ತೊಳೆದು, ಕನ್ನಡಕ ಒರೆಸಿ, ಪಂಚೆ ಬಿಟ್ಟು ಪ್ಯಾಂಟು ತೊಟ್ಟು ಬಂದರು. ಕೀಬೋರ್ಡನ್ನು ಮುಟ್ಟಿ ಕಣ್ಣಿಗೊತ್ತಿಕೊಂಡು ಕೂತರು. ಮಧ್ವರಾಜ ದಂಪತಿಗಳು ಸೋಫಾದಲ್ಲಿ ಆಗಲೇ ಜಾಗ ಹಿಡಿದಿದ್ದರು. ಯಾವ ಕೀಲಿ ಒತ್ತಿದರೆ ಏನು ಎಂದು ತೋರಿಸಿಕೊಟ್ಟು, ರಾಮದಾಸ ಮಾವನ ಬೆನ್ನ ಹಿಂದೆ ನಿಂತು ಕಣ್ಣು ಮುಚ್ಚಿಕೊಂಡ.

ಗಾಡಿ ಒಂದು ಹೆಜ್ಜೆ ಇಟ್ಟಿತು. ನಿಂತಿತು. ಇನ್ನೊಂದು ಹೆಜ್ಜೆ. ಮಾವ ಕೀಲಿಯ ಮೇಲಿನ ಬೆರಳು ತೆಗೆಯಲಿಲ್ಲ. ಮಧ್ಯಾಹ್ನವೆಲ್ಲ ಹೀಗೇ ಸಾಗಿ ಗಾಡಿ ಕೊನೆಗೂ ಬೇಸಿನ್ ಬ್ರಿಡ್ಜ್ ತಲುಪಿ, ಕೆಂಪು ಸಿಗ್ನಲ್ ಮುಂದೆ ನಿಂತಿತು. ನಿಂತೇ ಇತ್ತು. ರಾಮದಾಸ ಪಕ್ಕದಿಂದ ಬಗ್ಗಿ ನೋಡಿದರೆ ಮಾವನ ಕಣ್ಣಲ್ಲಿ ನೀರು. ಮುಗಿಯಿತು, ಮುದುಕರ ಕಣ್ಣಿಗೂ ಸಂಚಕಾರ ತಂದೆ ಎಂದುಕೊಂಡ.

"ಅಪ್ಪ, ಕಾಫಿ" ಎಂದಳು ಸುಮತಿ.

"ಇಲ್ಲಿ ಬೇಡಮ್ಮ, ಬಾಲ್ಕನೀಲಿ ಕುಡೀತೀನಿ. ಹೆಂಗೂ ಸಿಗ್ನಲ್ ಇಲ್ಲ." ಅವರು ಕಣ್ಣೊರೆಸಿಕೊಳ್ಳುತ್ತ ಎದ್ದುಹೋದರು.

ರಾಮದಾಸ ಅಷ್ಟೇ ಸಾಕೆಂದು ಮೇಜಿನ ಕೆಳಗೆ ತೂರಿದ. ಏನು ಹುಡುಕಬೇಕೆಂದು ತಿಳಿಯದೆ ಡಬ್ಬಿಯ ಬೆನ್ನು ನೋಡುತ್ತ ಕೂತವನಿಗೆ ತಟ್ಟನೆ ಒಂದು ಸಂಗತಿ ಕಂಡಿತು. ಪರದೆಯ ಕೇಬಲ್ ಸಿಕ್ಕಿಸುವ ಕಿಂಡಿ ಅಲ್ಲಿ ಎರಡಿದ್ದವು. ಒಂದು ಕಂಪ್ಯೂಟರಿನ ಹಳೆಯ ಕಿಂಡಿ, ಇನ್ನೊಂದು ಹೊಸ ಕಾರ್ಡಿನದು. ಶನಿವಾರ ರಾತ್ರಿ ಅವನ ಕೈ ಅಭ್ಯಾಸಬಲದಿಂದ ಕೇಬಲ್ಲನ್ನು ಹಳೆಯದಕ್ಕೇ ಸಿಕ್ಕಿಸಿತ್ತು. ಬೆಳಗಿನಿಂದ ಅಷ್ಟೂ ಬಿಸಿಲು, ಹೊಗೆ, ಮೋಡವನ್ನು ಆ ಹಳೆಯ ಬಡಪಾಯಿಯೇ ಹೊತ್ತು ಏದುಸಿರು ಬಿಡುತ್ತಿತ್ತು. ಹೊಸ ಕಾರ್ಡು ಬೀಗರ ಹಾಗೆ ಒಳಗೆ ಸುಮ್ಮನೆ ಕೂತಿತ್ತು.

ಗಾಡಿ ನಿಂತ ಜಾಗದಲ್ಲೇ ಆಟವನ್ನು ಉಳಿಸಿ, ಯಂತ್ರ ಆರಿಸಿ, ಕೇಬಲ್ ಬದಲಿಸಿ, ಮತ್ತೆ ಹಚ್ಚಿದ. ಮಾವ ಬಂದು ಕೂತರು. ಸಿಗ್ನಲ್ ಹಸಿರಾಯಿತು.

ಆಮೇಲೆ ನಡೆದದ್ದನ್ನು ಮಾಮಿ ಇವತ್ತಿಗೂ ಹೇಳುತ್ತಾರೆ. ಗಾಡಿ ನೀರಿನ ಮೇಲೆ ಹಂಸ ತೇಲಿದ ಹಾಗೆ ಹೊರಟಿತು. ಹಳಿಗಳು ಒಂದರೊಳಗೊಂದು ಹೆಣೆದುಕೊಂಡು ಬಿಚ್ಚಿಕೊಂಡವು. ತಂತಿಗಳ ನೆರಳು ಗಾಜಿನ ಮೇಲೆ ಜಾರಿ ಜಾರಿ ಹೋಯಿತು. ದೂರದಲ್ಲಿ ಸೆಂಟ್ರಲ್ ಸ್ಟೇಷನ್ನಿನ ಕೆಂಪು ಗೋಪುರ ಎದ್ದು ನಿಂತಿತು, ಗಡಿಯಾರದ ಮುಳ್ಳು ಸಹ ಕಾಣುವಂತೆ! ಯಾರೂ ಉಸಿರು ಬಿಡಲಿಲ್ಲ. ಗಾಡಿ ಪ್ಲಾಟ್‌ಫಾರಮ್ಮಿಗೆ ಬಂದು ಹೂವಿಟ್ಟ ಹಾಗೆ ನಿಂತಿತು. ಪ್ರಯಾಣ ಮುಗಿಯಿತು ಎಂದು ಪರದೆಯ ಮೇಲೆ ಬಂತು. ಮಧ್ವರಾಜರು ಚಪ್ಪಾಳೆ ತಟ್ಟಿದರು.

ರಾಮದಾಸ ಕಿವಿಯನ್ನು ಮಾವನ ಬಾಯಿಯ ಹತ್ತಿರ ಒಯ್ದು ಕಾದ.

ಮಾವ ಕೈಗಳನ್ನು ತೊಡೆಯ ಮೇಲಿಟ್ಟುಕೊಂಡು ಪರದೆಯನ್ನೇ ನೋಡುತ್ತಿದ್ದರು. "ಮಧ್ಯ ಏನೋ ಮುಟ್ಟಿದ್ರಿ ಅಲ್ವೇ ಅಳಿಯಂದಿರೇ?"

"ಹೌದು ಮಾವ! ಸರಿ ಮಾಡ್ದೆ!"

"ನನ್ನ ಸರ್ವೀಸಿನ ಕಡೇ ಗಾಡಿ ಅಲ್ಲೇ ನಿಂತಿತ್ತು. ಬೇಸಿನ್ ಬ್ರಿಡ್ಜ್‌ನಲ್ಲಿ. ಸಿಗ್ನಲ್ ಇಲ್ಲ. ಹಿಂದೆ ಜನ ಎಲ್ಲ ಬೈತಾ ಇದ್ರು. ನಾನೊಬ್ಬ ಕೈ ಮುಗ್ದು ಕೂತಿದ್ದೆ, ಹಸಿರು ಬೀಳ್ಬೇಡಪ್ಪ, ಇನ್ನೊಂಚೂರು ಹೊತ್ತು ಬೀಳ್ಬೇಡ ಅಂತ. ಅದು ಕೆಂಪಗಿರೋವರೆಗೂ ನಾನು ಡ್ರೈವರು. ಹಸಿರಾದ್ರೆ ಬರೀ ಕಿಟ್ಟಣ್ಣ." ಅವರ ದನಿ ಒಡೆಯಿತು. "ಈವತ್ತು ಈ ಪೆಟ್ಟಿಗೆ ಒಂದು ಮಾರು ಹೋಗೋದು, ನಿಲ್ಲೋದು, ಒಂದು ಮಾರು ಹೋಗೋದು, ನಿಲ್ಲೋದು. ಮೈಯೆಲ್ಲ ಜುಂ ಅಂತು ಕಣ್ರೀ. ಇದನ್ನ ಕಟ್ಟಿದೋರು ನನ್ನ ಮನಸ್ಸಿನೊಳಗೆ ಹೆಂಗೆ ಹೊಕ್ಕಿದ್ರು ಅಂತ! ದೇವ್ರು ಆ ಸಿಗ್ನಲ್ಲನ್ನ ಮತ್ತೆ ಕೆಂಪು ಮಾಡಿ ಕೊಟ್ಟ ಅಂದ್ಕೊಂಡೆ. ನೀವು ಬಂದು ಎರಡೇ ನಿಮಿಷದಲ್ಲಿ ನನ್ನ ಇನ್ನೊಂದ್ಸಲ ರಿಟೈರ್ ಮಾಡಿಸ್ಬಿಟ್ರಿ."

ಸುಮತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ಅಷ್ಟು ವರ್ಷ ಗಂಭೀರವಾಗಿ ಮೀಸೆ ತಿರುವುತ್ತಿದ್ದ ಮನುಷ್ಯನೊಳಗೆ ಇಷ್ಟೊಂದು ಇತ್ತೇ ಎಂದು ರಾಮದಾಸ ಬೆರಗಾದ.

"ಬೆಳಿಗ್ಗೆ ಅದನ್ನ ಅಷ್ಟು ಹದವಾಗಿ ಇಟ್ಟಿದ್ದೋರು ಯಾರು?" ಎಂದರು ಮಾವ.

ರಾಮದಾಸ ಬಾಯಿ ತೆರೆದ. ನಾನೇ ಎನ್ನಬೇಕಾದರೆ, ಕೇಬಲ್ಲನ್ನು ತಪ್ಪು ಕಿಂಡಿಗೆ ಸಿಕ್ಕಿಸಿದ ದಡ್ಡ ನಾನೇ ಎಂದೂ ಹೇಳಬೇಕು. ಅವನು ಅಷ್ಟು ಯೋಚಿಸುವುದರೊಳಗೆ ಸೋಫಾದಿಂದ ಉತ್ತರ ಬಂದುಬಿಟ್ಟಿತು.

"ನಾನೇ ಸಾರ್" ಎಂದರು ಮಧ್ವರಾಜರು, ವಿನಯದಿಂದ. "ವೋಲ್ಟೇಜು, ಹೊಟ್ಟೆ, ಎಲ್ಲ ಬೆಳಗಿಂದ ಕೂತು ಅಡ್ಜಸ್ಟ್ ಮಾಡಿದ್ದೆ."

"ಭೇಷ್!" ಎಂದರು ಕಿಟ್ಟಣ್ಣನವರು. ಎದ್ದು ಹೋಗಿ ಅವರ ಎರಡೂ ಕೈ ಹಿಡಿದುಕೊಂಡರು. "ಭೇಷ್ ಕಣ್ರೀ, ಭೇಷ್!"

ಮಧ್ವರಾಜರು ರಾಮದಾಸನ ಕಿವಿಯಲ್ಲಿ ಉಸುರಿದರು. "ಮೊದಲಿದ್ದ ಹಾಗೇ ಮಾಡಿಬಿಡಪ್ಪಾ, ಪ್ಲೀಸ್. ನನಗೆ ಏನೂ ತೆರಿಯಲ್ಲ, ಇದರ ಗಂಧವೇ ಗೊತ್ತಿಲ್ಲ."

ರಾಮದಾಸ ಮತ್ತೆ ಮೇಜಿನ ಕೆಳಗೆ ತೂರಿ, ಹೊಸ ಕಾರ್ಡಿನಿಂದ ಕೇಬಲ್ ಕಿತ್ತು ಹಳೆಯ ಕಿಂಡಿಗೆ ಸಿಕ್ಕಿಸಿದ. ಉಳಿಸಿಟ್ಟಿದ್ದ ಆಟವನ್ನು ತೆರೆದಾಗ ಗಾಡಿ ಬೇಸಿನ್ ಬ್ರಿಡ್ಜ್‌ಗೆ ಮರಳಿತು. ಒಂದು ಹೆಜ್ಜೆ ಇಟ್ಟು ನಿಂತಿತು. ಮಾವನ ಮುಖ ಅರಳಿತು.

"ಮಾವ," ಎಂದ ರಾಮದಾಸ ಮೆಲ್ಲಗೆ, "ನಾಳೆ ಊರಿಗೆ ಟಿಕೆಟ್ ಇದೆಯಲ್ಲ ನಿಮ್ಮದು..."

"ಅದನ್ನ ಕ್ಯಾನ್ಸಲ್ ಮಾಡಿಸ್ಬಿಡಿ. ಲೈನ್ ಮೇಲಿರೋ ಗಾಡಿ ಬಿಟ್ಟು ಡ್ರೈವರು ಇಳಿಯೋ ಹಂಗಿಲ್ಲ." ಅವರು ತಿರುಗಿಯೂ ನೋಡಲಿಲ್ಲ. "ಹಂಗೇ ಎಡಗಡೆ ಬಂದು ನಿಂತ್ಕೊಳಿ. ಅಸಿಸ್ಟೆಂಟ್ ಆದೋನು ಸಿಗ್ನಲ್ ನೋಡಿ ಕೂಗ್ಬೇಕು."

ರಾಮದಾಸ ಎಡಗಡೆ ಹೋಗಿ ನಿಂತ. "ಕೆಂಪು" ಎಂದ.

"ಇಂಜಿನ್ ಸದ್ದಿನಲ್ಲಿ ಕೇಳ್ಸಲ್ಲ. ಜೋರಾಗಿ!"

"ಕೆಂಪು!"

"ಹಾಂ, ಕೆಂಪು" ಎಂದು ಕಿಟ್ಟಣ್ಣನವರು ತೃಪ್ತಿಯಿಂದ ಹಿಂದಕ್ಕೊರಗಿ ಕೂತರು.