ಮರಿಲಿಂಗೇಗೌಡನ ತುಪ್ಪದ ಯಂತ್ರ

ಗಂಡನ ಹನ್ನೊಂದನೇ ದಿನದ ತಿಥಿಯಂದು ಸಣ್ಣತಾಯಮ್ಮನಿಗೆ ಇದ್ದದ್ದು ಒಂದೇ ಆಸೆ. ಫೋಟೋದ ಮುಂದಿನ ಎಡೆಗೆ ಒಂದು ಚಮಚ ತುಪ್ಪ ಬೀಳಬೇಕು. ಬೋರಲಿಂಗೇಗೌಡ ಆರು ವರ್ಷ ಸಪ್ಪೆ ಅನ್ನ ಉಂಡಿದ್ದ. ಈ ಯುಗಾದಿಯಲ್ಲಿ ಒಬ್ಬಟ್ಟಿಗೆ ತುಪ್ಪ ಕೇಳಿದಾಗಲೂ ಅವಳು ಡಾಕ್ಟರ ಚೀಟಿ ತೋರಿಸಿ ಬಾಯಿ ಮುಚ್ಚಿಸಿದ್ದಳು. ನಾಲ್ಕನೇ ದಿನಕ್ಕೆ ಎದೆ ಹಿಡಿದುಕೊಂಡು ಹೋಗಿಬಿಟ್ಟ. ಆ ಕೊರಗು ಅವಳನ್ನು ತಿನ್ನುತ್ತಿತ್ತು.

ಆದರೆ ಮನೆಯ ತುಪ್ಪವನ್ನೆಲ್ಲ ಮೈದುನ ಮರಿಲಿಂಗೇಗೌಡ ತನ್ನ ಹೊಸ ಯಂತ್ರದ ಹೊಟ್ಟೆಗೆ ಸುರಿದಿದ್ದ. ಮದ್ದೂರಿನಲ್ಲಿ ಟೀವಿ ರಿಪೇರಿ ಮಾಡುವ ಅವನಿಗೆ ಕೈ ಸುಮ್ಮನಿರದ ಕಾಯಿಲೆ. ಯಂತ್ರಕ್ಕೆ ಮೂರು ಗಾಲಿ, ಒಂದು ಕಣ್ಣು, ಆನೆಯ ಸೊಂಡಿಲಿನಂಥ ಕೊಳವೆ.

"ಮುಖ ನೋಡ್ತಿದ್ದಂಗೇ ರಕ್ತದ ಕೊಲೆಸ್ಟ್ರಾಲ್ ಅಳೀತದೆ ಅತ್ತಿಗೆ," ಎಂದ ಹೆಮ್ಮೆಯಿಂದ. "ಇಂಥೋರು ನೂರು ಜನ ಇದ್ರೆ, ಹತ್ತು ವರ್ಸದೊಳಗೆ ಎಷ್ಟು ಜನಕ್ಕೆ ಹೃದಯ ಕೈಕೊಡ್ತದೆ ಅಂತ ಹೇಳ್ತದೆ. ಅದಕ್ಕೆ ತಕ್ಕಂಗೆ ತುಪ್ಪ ಬಡಿಸ್ತದೆ. ಅಣ್ಣನಂಗೆ ಇನ್ಯಾರೂ ಹೋಗ್ಬಾರ್ದು."

"ಮೊದ್ಲು ಎಡೆಗೆ ಬಡ್ಸು."

ಯಂತ್ರ ಫೋಟೋವನ್ನು ದಿಟ್ಟಿಸಿ ಹಳೆಯ ದಾಖಲೆ ತೆಗೆಯಿತು. "ಬೋರಲಿಂಗೇಗೌಡ. ನೂರಕ್ಕೆ ಮೂವತ್ನಾಲ್ಕು. ತುಪ್ಪ ಇಲ್ಲ." ಅಷ್ಟು ಹೇಳಿ ಊಟದ ಪಂಕ್ತಿಯತ್ತ ಹೊರಟಿತು. ಸಣ್ಣತಾಯಮ್ಮ ಚಮಚ ಹಿಡಿದುಕೊಂಡು ನಿಂತೇ ಇದ್ದಳು.

ಮೊದಲ ಎಲೆ ಮಗಳ ಮಾವ ತಿಮ್ಮೇಗೌಡರದು. "ನೂರಕ್ಕೆ ಇಪ್ಪತ್ತೆಂಟು. ಇಲ್ಲ." ಪಕ್ಕದ ಬಡಕಲು ಪೋಸ್ಟ್‌ಮ್ಯಾನ್‌ಗೆ ಮಾತ್ರ ಮೂರು ಚಮಚ!

"ಕರೆದು ಕೂರ್ಸಿ ಪಂಕ್ತಿಭೇದ ಮಾಡೀಯೇನಪ್ಪ?" ತಿಮ್ಮೇಗೌಡರು ಕೆಂಪಾದರು. "ನಾನು ಸಾಯೋದ ಊರಿಗೆಲ್ಲ ಸಾರ್ತೀಯಾ?"

"ಸಾಯೋದಲ್ಲ ಬೀಗ್ರೇ. ನೂರರಲ್ಲಿ ಎಪ್ಪತ್ತೆರಡು ಜನ ಚೆನ್ನಾಗೇ ಇರ್ತಾರೆ."

"ಮತ್ತೆ ನನ್ನ ಆ ಎಪ್ಪತ್ತೆರಡರಲ್ಲಿ ಯಾಕೆ ಸೇರಿಸ್ನಿಲ್ಲ?"

ಮರಿಲಿಂಗೇಗೌಡ ಬೆವರುತ್ತ 'ಎಲ್ಲರಿಗೂ ಸಮ' ಎಂಬ ಗುಂಡಿ ಒತ್ತಿದ. ಯಂತ್ರ ಇಡೀ ಪಂಕ್ತಿಯ ಸರಾಸರಿ ತೆಗೆಯಿತು. ಸರಾಸರಿ ಅಪಾಯ ಜಾಸ್ತಿಯೇ ಬಂತು, ಅಂದರೆ ಯಾರಿಗೂ ತುಪ್ಪ ಇಲ್ಲ. ಕೂಡಲೇ ಸೊಂಡಿಲು ಇಳಿಸಿ, ಪೋಸ್ಟ್‌ಮ್ಯಾನ್ ಎಲೆಯ ತುಪ್ಪವನ್ನು ಅನ್ನದ ಸಮೇತ ಸೊರ್ರನೆ ಹೀರಿಕೊಂಡಿತು. ಜನ ಎಲೆ ಮಡಚತೊಡಗಿದರು. ತಿಥಿಯ ಪಂಕ್ತಿ ಅರ್ಧಕ್ಕೆ ಎದ್ದರೆ ಸತ್ತವರಿಗೆ ತೃಪ್ತಿಯಿಲ್ಲ ಅನ್ನುತ್ತಾರೆ. ಸಣ್ಣತಾಯಮ್ಮನಿಗೆ ಸಿಟ್ಟೂ ದುಃಖವೂ ಒಟ್ಟಿಗೇ ಉಕ್ಕಿದವು.

"ಸತ್ತೋರಿಗೆ ಇನ್ನೆಂಥ ಎದೆನೋವು ಬರ್ತದೋ? ಅವರು ಸತ್ತವ್ರೆ ಅಂತ ಅದರಲ್ಲಿ ಬರಿ. ಇಷ್ಟು ದಿನ ಯಾಕೆ ಬರೀನಿಲ್ಲ?"

ಮರಿಲಿಂಗೇಗೌಡ ನೆಲ ನೋಡಿದ. "ಕೈಯೇ ಬರ್ನಿಲ್ಲ ಅತ್ತಿಗೆ. ಇದನ್ನ ಮಾಡಾಕೆ ಶುರು ಮಾಡಿದ್ದೇ ಅಣ್ಣನಿಗೋಸ್ಕರ."

ಯಂತ್ರದ ಗುಂಡಿಗಳನ್ನು ಒತ್ತಿ, ಅಣ್ಣನ ಹೆಸರಿನ ಮುಂದೆ 'ಸತ್ತಿದ್ದಾರೆ' ಎಂದು ಬರೆದ.

ಯಂತ್ರ ಗಿರ್ರನೆ ತಿರುಗಿ ಎಡೆಯ ಮುಂದೆ ಬಂದು ನಿಂತಿತು. "ಬೋರಲಿಂಗೇಗೌಡ. ಮುಂದಿನ ಹತ್ತು ವರ್ಷದಲ್ಲಿ ಹೃದಯಾಘಾತದ ಸಾಧ್ಯತೆ ಸೊನ್ನೆ. ಊರಿಗೇ ಆರೋಗ್ಯವಂತರು." ಹೊಟ್ಟೆಯಲ್ಲಿದ್ದ ಆರು ಸೇರು ತುಪ್ಪವನ್ನೂ ಒಂದೇ ಎಲೆಗೆ ಸುರಿಯಿತು. ಅನ್ನ ಮುಳುಗಿತು, ವಡೆ ತೇಲಿತು, ತುಪ್ಪ ಹಜಾರ ದಾಟಿ ಅಂಗಳಕ್ಕಿಳಿಯಿತು. ಎದ್ದವರು ಎದ್ದಲ್ಲೇ ನಿಂತರು.

ಸಣ್ಣತಾಯಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡು ಅತ್ತಳು. ಆಮೇಲೆ ಕಣ್ಣೊರೆಸಿಕೊಂಡು ಮೈದುನನತ್ತ ತಿರುಗಿದಳು.

"ಒಂದು ಚಮಚ ತುಪ್ಪ ತಿನ್ನೋವಷ್ಟು ಆರೋಗ್ಯ ಬರಾಕೆ, ನಿಮ್ಮಣ್ಣ ಸಾಯ್ಬೇಕಾಯ್ತು ನೋಡು."